ಮಾದರಿಗೆ ಒಂದು ಹಿಡಿ ಹಾಳೆ

ದಿಬ್ಬೂರಹಳ್ಳಿಯ ಆದಿಲಕ್ಷ್ಮಮ್ಮನಿಗೆ ಧಿಕ್ಕಾರ ಕೂಗಲು ಎಂದೂ ಮೈಕು ಬೇಕಾಗಿಲ್ಲ. ಗಂಟಲು ಅಷ್ಟು ಗಟ್ಟಿ. ಪೆರೇಸಂದ್ರದ ಕಡೆಯಿಂದ ಸೊಸೆಯಾಗಿ ಬಂದವಳು ತಲೆ ನೆರೆಯುವವರೆಗೂ ರೇಷ್ಮೆ ಹುಳು ಸಾಕಿದಳು, ನ್ಯಾಯ ಕೇಳಿ ಊರವರ ಜೊತೆ ಜಗಳವಾಡಿದಳು, ಕಚೇರಿಗಳ ಮುಂದೆ ಬಿಸಿಲಲ್ಲಿ ಕೂತಳು. ಆಮೇಲೆ ಯಾರನ್ನೂ ಕೇಳದೆ, ಹುಳುವಿಗೆ ಸೊಪ್ಪು ಹಾಕಿದ ಮೇಲಿನ ಬಿಡುವಿನಲ್ಲಿ ಒಂದು ಪುಸ್ತಕ ಬರೆದಳು.

ಅದು ಗೂಡಿನ ಬೆಲೆ ನೆಲಕಚ್ಚಿದ ವರ್ಷದ ಕಥೆ. ಸುತ್ತಲ ಊರುಗಳ ಹೆಂಗಸರು ರೇಷ್ಮೆ ಗೂಡಿನ ಮಂಕರಿ ಹೊತ್ತು ಹೆದ್ದಾರಿಗೆ ಇಳಿದಿದ್ದರು. ಪೊಲೀಸ್ ಜೀಪು ಮೈಮೇಲೆ ಬರುವಂತೆ ಬಂತು, ಎಲ್ಲರೂ ಹಿಂದೆ ಸರಿದರು. ಸರಿಯದೆ, ಜೀಪಿನ ಮೂತಿಗೆ ಬೆನ್ನು ಕೊಟ್ಟು ನಡುರಸ್ತೆಯಲ್ಲಿ ಮೊದಲು ಕೂತವಳು ಕೊಂಡಮ್ಮ. ಅವಳಿಗೆ ಗೇಣುದ್ದ ಹಿಪ್ಪುನೇರಳೆ ತೋಟವೂ ಇರಲಿಲ್ಲ. ಆದಿಲಕ್ಷ್ಮಮ್ಮನ ತೋಟಕ್ಕೇ ಕೂಲಿಗೆ ಸೊಪ್ಪು ಕೀಳಲು ಬರುತ್ತಿದ್ದವಳು. ಅವಳು ಕೂತ ಮೇಲೆ ಉಳಿದವರು ಕೂತರು. ಆದಿಲಕ್ಷ್ಮಮ್ಮ ಆಗ ರಸ್ತೆ ಬದಿಯಲ್ಲಿ ಎಲ್ಲರ ಬುತ್ತಿ ಕಾಯುತ್ತ ನಿಂತಿದ್ದಳು. ಪುಸ್ತಕದಲ್ಲೂ ಹಾಗೆಯೇ ಬರೆದಿದ್ದಾಳೆ. ಆಮೇಲೆ ಎಲ್ಲರನ್ನೂ ವ್ಯಾನಿಗೆ ತುಂಬಿ ಒಂದು ಕಲ್ಯಾಣ ಮಂಟಪದಲ್ಲಿ ಕೂಡಿಹಾಕಿದ್ದು, ಅಲ್ಲಿ ಹೆಂಗಸರು "ಮನೇಲಿ ಹುಳ ಹಸ್ಕೊಂಡವೆ, ನೀವೋಗಿ ಸೊಪ್ಪಾಕಿ ಬರ್ತೀರಾ?" ಎಂದು ಪೊಲೀಸರ ಪ್ರಾಣ ತಿಂದದ್ದು ಎಲ್ಲ ಅದರಲ್ಲಿದೆ.

ಕೊಂಡಮ್ಮನಿಗೆ ಓದಲು ಬಾರದು. ಒಂದೊಂದು ಅಧ್ಯಾಯ ಮುಗಿದಾಗಲೂ ಆದಿಲಕ್ಷ್ಮಮ್ಮ ಓದಿ ಹೇಳುತ್ತಿದ್ದಳು. ಕೊಂಡಮ್ಮ ತನ್ನ ಹೆಸರಿರುವ ಕಡೆ ಬೆರಳಿಡಿಸಿಕೊಂಡು ಕೇಳುತ್ತಿದ್ದಳು:

"ನಾನು ಸತ್ತ ಮೇಲೂ ಇದು ಇರ್ತೈತಾ ಅಕ್ಕ?"

"ಪುಸ್ತಕ ಆದ್ರೆ ಇರ್ತೈತೆ ಕಣೇ."

ಪುಸ್ತಕ ಆಗಬೇಕಲ್ಲ! ಗೌರಿಬಿದನೂರಿನ ಒಂದು ಮಹಿಳಾ ಸಮಾವೇಶದಲ್ಲಿ ಯಾರೋ ಬೆಂಗಳೂರಿನ ಲಿಟರರಿ ಏಜೆನ್ಸಿಯೊಂದರ ವಿಳಾಸ ಕೊಟ್ಟರು. ಬರೆದವರ ಪರವಾಗಿ ಪ್ರಕಾಶಕರನ್ನು ಹುಡುಕುವುದು, ಇಂಗ್ಲಿಷಿಗೆ ಮಾಡಿಸುವುದು, ನಡುವೆ ಕಮಿಷನ್ ಹಿಡಿದುಕೊಳ್ಳುವುದು ಅವರ ಕಸುಬು. ಇಡೀ ಹಸ್ತಪ್ರತಿ ಬೇಡ, ಮೊದಲು ಮಾದರಿಗೆ ಒಂದಷ್ಟು ಪುಟ ಕಳಿಸಿ ಎಂದಿದ್ದರು.

ಮಾದರಿ ಎಂದರೆ ಏನೆಂದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಕಂಡವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೂಲು ಬಿಚ್ಚುವ ರೀಲರು ತೊಟ್ಟಿಗೆ ಸುರಿದ ಗೂಡನ್ನು ಮೇಲುಮೇಲೆ ನೋಡಿ ಬೆಲೆ ಕೂಗುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ ಎಳೆದು ನೋಡುತ್ತಾನೆ. ಒಳ್ಳೆಯದನ್ನು ಮೇಲೆ ಹರಡಿ ಕಲೆ ಬಿದ್ದದ್ದನ್ನು ಕೆಳಗೆ ಮುಚ್ಚಿಟ್ಟವನ ಮಾನ ಅಲ್ಲೇ ಹರಾಜಾಗುತ್ತದೆ.

"ತಳದ್ದೂ ಒಂದಿಷ್ಟು ಹಾಕೇ," ಎಂದ ಗಂಡ ಚೆನ್ನರಾಯಪ್ಪ, ಸೊಪ್ಪು ಕತ್ತರಿಸುತ್ತ. "ಬರೀ ಮೇಲಿಂದು ಕಳ್ಸಿದ್ರೆ ಒಳಗೆ ಏನೋ ಹುಳುಕೈತೆ ಅಂದ್ಕೋತಾರೆ."

ಸರಿ, ಆದಿಲಕ್ಷ್ಮಮ್ಮ ಹಾಳೆಯ ಕಟ್ಟಿನ ತಳದಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ಮೇಲಿನಿಂದ ಒಂದು ಹಿಡಿ ಎಳೆದು, ಬಂದ ಹಾಗೆಯೇ ಸೇರಿಸಿ ಕಳಿಸಿದಳು. ಆ ಹಾಳೆಗಳಲ್ಲಿ ಜೀಪು ಬರುವ ಮೊದಲೇ ಹೆಂಗಸರು ಮಂಟಪದಲ್ಲಿದ್ದರು, ಮಂಟಪದಿಂದ ಹೊರಬಂದ ಮೇಲೆ ಬೆಲೆ ಬಿತ್ತು.

ಏಜೆನ್ಸಿಯವರು ಕುಣಿದಾಡಿಬಿಟ್ಟರು. ಕಾಲವನ್ನು ಒಡೆದು ಚೂರು ಮಾಡಿದ ಕಥನ, ಗ್ರಾಮೀಣ ಮಹಿಳೆಯ ಛಿದ್ರ ನೆನಪು ಎಂದೆಲ್ಲ ಹೊಗಳಿ ಇಮೇಲ್ ಬಂತು.

"ನಾನೇನ್ ಒಡೆದೆ?" ಎಂದಳು ಆದಿಲಕ್ಷ್ಮಮ್ಮ.

"ನಿಮ್ಮೆಜಮಾನ್ರ ತಲೆ ಒಂದು ಬಿಟ್ಟು ಇನ್ನೆಲ್ಲ ಒಡೆದಿದ್ದೀಯ ಬಿಡಕ್ಕ," ಎಂದು ಕೊಂಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಪೂರ್ತಿ ಹಸ್ತಪ್ರತಿ ಕ್ರಮವಾಗಿ ಹೋಯಿತು. ಅದನ್ನು ಓದಿದ ಮೇಲೆ ಏಜೆನ್ಸಿಯ ಮಹತಿ ಎಂಬ ಹುಡುಗಿ ಫೋನ್ ಮಾಡಿ, ಚಿಕ್ಕಬಳ್ಳಾಪುರದಲ್ಲಿ ತನ್ನ ತಾಯಿಯ ಮನೆಗೆ ಬಂದಿದ್ದೇನೆ, ಒಪ್ಪಂದದ ಮಾತು ಅಲ್ಲೇ ಮುಗಿಸೋಣ ಬನ್ನಿ ಎಂದಳು. ಆದಿಲಕ್ಷ್ಮಮ್ಮ ಕೊಂಡಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಇಬ್ಬರೂ ಒಳ್ಳೆಯ ಸೀರೆ ಉಟ್ಟಿದ್ದರು.

ಮಹತಿಯ ತಾಯಿ ವಿಶಾಲಾಕ್ಷಮ್ಮ ನಿವೃತ್ತ ಶಾಲಾ ಮೇಡಂ. ಇಬ್ಬರಿಗೂ ಕಾಫಿ ಕೊಟ್ಟು ಒಳಗೆ ಹೋದರು. ಜೊತೆಗೆ ಬಂದವಳು ಯಾರೆಂದು ಮಹತಿ ಕೇಳಲಿಲ್ಲ. ಹಸ್ತಪ್ರತಿ ಎದುರಿಗಿಟ್ಟುಕೊಂಡು ನೇರ ಕೆಲಸಕ್ಕೆ ಇಳಿದಳು.

"ನೀವು ಮೊದಲು ಕಳ್ಸಿದ್ರಲ್ಲ, ಆ ಕ್ರಮಾನೇ ಚೆನ್ನಾಗಿತ್ತು ಆಂಟಿ. ಅದು ಹೊಸ ತಂತ್ರ."

"ಅಯ್ಯೋ ತಾಯಿ, ಅದು ತಂತ್ರ ಅಲ್ಲ, ಮಾದರಿ. ತಪ್ಪು ನಂದೇ ಬಿಡು."

"ಪರವಾಗಿಲ್ಲ. ಆದ್ರೆ ಪೂರ್ತಿ ಓದಿದಾಗ ಜನ ಜಾಸ್ತಿ ಆಯ್ತು. ಎಲ್ಲರೂ ನಗ್ತಾನೇ ಇರ್ತಾರೆ. ಹೊರಗಿನ ಓದುಗರಿಗೆ ಒಬ್ಬಳು ಹೆಣ್ಣು, ಅವಳ ನೋವು, ಅವಳ ಗೆಲುವು, ಅಷ್ಟು ಸಾಕು. ನಿಮ್ಮ ಯಜಮಾನ್ರು ಆ ವರ್ಷ ತೀರಿಕೊಂಡ್ರು ಅಂತ ಮಾಡಿದ್ರೆ ತುಂಬಾ ಗಟ್ಟಿಯಾಗುತ್ತೆ."

"ಅವ್ರು ಮನೇಲಿ ಸೊಪ್ಪು ಕತ್ತರಿಸ್ತಾ ಅವ್ರೆ ಕಣಮ್ಮ. ಊಟಕ್ಕೆ ಕಾಯ್ತಿರ್ತಾರೆ."

ಮಹತಿ ನಕ್ಕಳು. "ಇನ್ನೊಂದು, ಈ ಕೊಂಡಮ್ಮ ಅನ್ನೋ ಪಾತ್ರ ಬೇಡ. ಜೀಪಿನ ಮುಂದೆ ಕೂರೋದು ನೀವೇ ಆಗ್ಬೇಕು. ಕಥೆ ಹೇಳೋಳು ಬುತ್ತಿ ಕಾಯ್ಕೊಂಡು ನಿಂತ್ರೆ ಹೇಗೆ? ಅವಳ ಕೆಲಸ, ಅವಳ ಮಾತು ಎಲ್ಲ ನಿಮ್ಮೊಳಗೆ ಸೇರಿಸಿಬಿಡಿ."

ಆದಿಲಕ್ಷ್ಮಮ್ಮನ ಕೈಯಲ್ಲಿ ಕಾಫಿ ಲೋಟ ಹಾಗೇ ನಿಂತಿತು. ಕೊಂಡಮ್ಮ ಮಾತ್ರ ಕೊನೆಯ ಗುಟುಕು ಕುಡಿದು, ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು ಕೇಳಿದಳು:

"ಆ ಕೊಂಡಮ್ಮನ್ನ ತೆಗ್ದು ಎಲ್ಲಾಕ್ತೀರಮ್ಮ?"

"ಎಲ್ಲೂ ಹಾಕಲ್ಲಮ್ಮ, ಪಾತ್ರ ತಾನೇ…"

"ಪಾತ್ರ ಕಾಫಿ ಕುಡೀತಾ? ನಾನೇ ಕೊಂಡಮ್ಮ."

ಹುಡುಗಿಯ ಮುಖ ಕೆಂಪಾಯಿತು. ಸಾರಿ ಎಂದಳು, ವೈಯಕ್ತಿಕವಾಗಿ ತಗೋಬೇಡಿ ಎಂದಳು, ಮಾರ್ಕೆಟ್ ಹಾಗಿದೆ ಎಂದಳು. ಇಷ್ಟು ಬದಲಾಯಿಸಿಕೊಟ್ಟರೆ ದೆಹಲಿಯ ಪ್ರಕಾಶಕರು ಸಿದ್ಧವಿದ್ದಾರೆ, ಇಲ್ಲದಿದ್ದರೆ ತಮ್ಮ ಕೈಲಾಗದು ಎಂದೂ ಹೇಳಿದಳು.

ಕೊಂಡಮ್ಮ ಆದಿಲಕ್ಷ್ಮಮ್ಮನ ಸೆರಗು ಜಗ್ಗಿ ಮೆಲ್ಲಗೆ ಹೇಳಿದಳು: "ಪೋನೀ ಲೇ ಅಕ್ಕ, ಹೋಗ್ಲಿ. ನನ್ನ ಹೆಸರು ತೆಗ್ದಾಕು. ಬುಕ್ಕಾದ್ರೂ ಆಗ್ಲಿ. ಇಷ್ಟು ವರ್ಷ ಬರ್ದಿದ್ದೀಯ."

ಜೀಪಿಗೆ ಹೆದರದವಳು ಪುಸ್ತಕದಿಂದ ಎದ್ದುಹೋಗಲು ತಯಾರಾಗಿದ್ದಳು. ಆದಿಲಕ್ಷ್ಮಮ್ಮನ ಸಿಟ್ಟು ನೆತ್ತಿಗೇರಿದ್ದು ಆ ಮಾತಿಗೆ.

"ಕೂತ್ಕೊಳ್ಳೇ ಸುಮ್ನೆ!" ಎಂದಳು. ಆ ಗಂಟಲಿಗೆ ವಿಶಾಲಾಕ್ಷಮ್ಮ ಅಡುಗೆ ಮನೆಯಿಂದ ಓಡಿ ಬಂದರು.

"ನೋಡಮ್ಮ ಮಹತಿ. ಅವಳು ನಮ್ಮ ತೋಟದಲ್ಲಿ ಸೊಪ್ಪು ಕಿತ್ತಳು, ಗೂಡು ನಮ್ದಾಯ್ತು. ಅದು ಸಾಲದು ಅಂತ ಈಗ ಅವಳು ರಸ್ತೇಲಿ ಕೂತಿದ್ದನ್ನೂ ನಾನೇ ಬರ್ಕೋಬೇಕಾ? ನಾನು ಕೂತಿಲ್ಲ. ಹೆದರ್ಕೊಂಡು ಬುತ್ತಿ ಹಿಡ್ಕೊಂಡು ನಿಂತಿದ್ದೆ. ನಿಮ್ಮ ದೆಹಲಿಯೋರ್ಗೆ ಅಳೋ ಹೆಂಗಸು ಒಬ್ಬಳೇ ಬೇಕು. ನಾವು ಒಬ್ಬೊಬ್ರೇ ಇದ್ದಿದ್ರೆ ಆ ಜೀಪು ನಮ್ಮನ್ನ ತುಳ್ಕೊಂಡು ಹೋಗಿರೋದು. ಗಂಡ ಸಾಯ್ಬೇಕು, ಕೊಂಡಮ್ಮ ಇರ್ಬಾರ್ದು, ನಾವು ನಗ್ಬಾರ್ದು! ಇನ್ನೇನ್ ಉಳೀತು, ನಿಮ್ಮ ಕಮಿಷನ್ನಾ?"

"ಇಂಥ ಅವಕಾಶ ಮತ್ತೆ ಸಿಗಲ್ಲ ಆಂಟಿ."

"ಸಿಗ್ದಿದ್ರೆ ಬೇಡ. ಕೊಡಿಲ್ಲಿ."

ಹಾಳೆಯ ಕಟ್ಟು ಎಳೆದು ಚೀಲಕ್ಕೆ ತುಂಬಿ ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು. ಬಂದ ಭಾಗ್ಯವನ್ನು ಒದ್ದು ಬರುತ್ತಿದ್ದೇನೆಂಬುದು ಅವಳಿಗೂ ಗೊತ್ತಿತ್ತು.

ಬಸ್ಸು ಪೆರೇಸಂದ್ರ ದಾಟುವಾಗ ಕೊಂಡಮ್ಮ, "ಯಜಮಾನಪ್ಪನ್ನ ಸಾಯ್ಸಿದ್ದು ಮನೇಲಿ ಹೇಳ್ಬೇಡ, ಊಟ ಬಿಟ್ಬಿಡ್ತಾರೆ," ಎಂದಳು. ಆದಿಲಕ್ಷ್ಮಮ್ಮನಿಗೆ ಸಿಟ್ಟಿನಲ್ಲೇ ನಗು ಬಂತು, ನಗುವಿನ ಹಿಂದೆಯೇ ಮತ್ತೆ ಸಿಟ್ಟು.

ಮಾರನೆಯ ದಿನದಿಂದ ಅವಳು ಪುಸ್ತಕ ತಿದ್ದಲು ಕೂತಳು. ಹಸ್ತಪ್ರತಿ ಕೊಳ್ಳುವವರು ರೀಲರಂತೆ ತಳಕ್ಕೆ ಕೈ ಹಾಕುವುದಿಲ್ಲ, ಮಾದರಿಗೆ ಮೇಲಿನ ಹಾಳೆಗಳನ್ನಷ್ಟೇ ಮುಟ್ಟುತ್ತಾರೆ ಎಂಬುದು ಈಗ ಅವಳಿಗೆ ಗೊತ್ತು. ಸರಿ, ಮುಟ್ಟಲಿ. ಬೆಲೆ ಬಿದ್ದ ಸಂಗತಿಯಿಂದ ಶುರುವಾಗುತ್ತಿದ್ದ ಕಥೆ ಈಗ ನಡುರಸ್ತೆಯಿಂದ ಶುರುವಾಗುತ್ತದೆ. ಬುತ್ತಿ ಕಾಯುವವಳೂ ಅದೇ ಪುಟದಲ್ಲಿ, ರಸ್ತೆ ಬದಿಯಲ್ಲಿ ನಿಂತಿದ್ದಾಳೆ. ಮುಂದಿನ ಮೂರು ಅಧ್ಯಾಯದಲ್ಲಿ ಕೊಂಡಮ್ಮನಿಲ್ಲದೆ ಒಂದು ಪುಟವೂ ತಿರುಗದ ಹಾಗೆ ಹೆಣೆದಿದ್ದಾಳೆ.

ಶಿಡ್ಲಘಟ್ಟದ ಡಿಟಿಪಿ ಅಂಗಡಿಯಲ್ಲಿ ಹೊಸ ಪ್ರತಿ ತೆಗೆಸಿ ಬೇರೊಂದು ಏಜೆನ್ಸಿಗೆ ಕಳಿಸುವ ಮೊದಲು, ಆದಿಲಕ್ಷ್ಮಮ್ಮ ಕೊಂಡಮ್ಮನ ಬೆರಳು ಹಿಡಿದು ಮೊದಲ ಪುಟದ ಮೊದಲ ಪದದ ಮೇಲಿಟ್ಟಳು.

"ಇಲ್ಲೇನಕ್ಕ ಬರ್ದಿರೋದು?"

"ನೀನೇ. ಇನ್ನು ಯಾವೋನು ಎತ್ತಿ ಬಿಸಾಕ್ತಾನೋ ನೋಡ್ತೀನಿ."