ಒಂಬತ್ತು ಬ್ರೌನುಗಳ ಪೂವಪ್ಪ

೧೯೭೫ನೆಯ ಇಸವಿ ಮಾರ್ಚ್ ೩, ಸೋಮವಾರ, ಬಂಟ್ವಾಳದ ಪೂವಪ್ಪ ಮಸ್ಕತ್ತಿನಲ್ಲಿ ಇಳಿದಾಗ ಗಾಲ್ಫ್ ಎಂದರೆ ಏನೆಂದೇ ಅವನಿಗೆ ತಿಳಿದಿರಲಿಲ್ಲ. ಊರಂಚಿನ ಘಾಲಾದಾಚೆ ಸಾಹೇಬರ ಗಾಲ್ಫ್ ಕ್ಲಬ್ಬಿನಲ್ಲಿ ಮೈದಾನ ಕಾಯುವ ಚಾಕರಿ ಸಿಕ್ಕಿತು. ಅಲ್ಲಿ ಹುಲ್ಲೆಂಬುದಿರಲಿಲ್ಲ, ಚೆಂಡು ಬೀಳಿಸುವ ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿ ಅದನ್ನು ‘ಬ್ರೌನ್’ ಎನ್ನುತ್ತಿದ್ದರು. ಅಂಥ ಒಂಬತ್ತನ್ನು ಅವನು ಹನ್ನೊಂದು ವರ್ಷ ಒಂಬತ್ತು ತಿಂಗಳು ಅಂಗೈಯಂತೆ ನುಣುಪಾಗಿಟ್ಟ. ಯಾರೋ ಬಿಸುಟ ಕೋಲುಗಳಲ್ಲಿ ಆಡಲೂ ಕಲಿತ. ಕ್ಲಬ್ಬಿನ ಗೋಡೆಯ ವಿಜೇತರ ಹಲಗೆಯಲ್ಲಿ ಒಮ್ಮೆ ತನ್ನ ಹೆಸರು ಕಾಣಬೇಕೆಂಬುದೊಂದೇ ಅವನ ಆಸೆ.

ಆ ಹಲಗೆಯ ಪಕ್ಕದಲ್ಲಿ ಗಡ್ಡದ ಮುದುಕನೊಬ್ಬನ ಚಿತ್ರವಿತ್ತು: ಸ್ಕಾಟ್ಲೆಂಡಿನ ಟಾಮ್ ಮಾರಿಸ್. ಅಡಿಬರಹದ ಮೇಲೆ ಬೆರಳಾಡಿಸುತ್ತ ಗುಮಾಸ್ತ ಬಾಲಸುಬ್ರಹ್ಮಣ್ಯ ಓದಿ ಹೇಳಿದ್ದ: ೧೮೬೧ರ ಸೆಪ್ಟೆಂಬರ್ ೨೬ ಮತ್ತು ೧೮೬೨ರ ಸೆಪ್ಟೆಂಬರ್ ೧೧ರಂದು ಪ್ರೆಸ್ಟ್‌ವಿಕ್ಕಿನಲ್ಲಿ ಚಾಂಪಿಯನ್, ಆಗ ಅದೇ ಮೈದಾನದ ಪಾಲಕ.

“ನಮ್ಮ ಕೆಲಸದವರೇ ಅಲ್ವಾ ಮಾರಾಯ್ರೆ ಇವರು!” ಎಂದು ಪೂವಪ್ಪ ಕೈಮುಗಿದಿದ್ದ.

೧೯೮೬ರಲ್ಲಿ ಎಣ್ಣೆಯ ಬೆಲೆ ನೆಲಕಚ್ಚಿತು. ಸಾಹೇಬರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಡಿಸೆಂಬರ್ ೬ ಕೊನೆಯ ದಿನವೆಂದು ಪೂವಪ್ಪನಿಗೂ ಪತ್ರ ಬಂತು. ಡಿಸೆಂಬರ್ ೫, ಶುಕ್ರವಾರದ ವಾರ್ಷಿಕ ಪಂದ್ಯಕ್ಕೆ ಉಳಿದವರು ಹತ್ತೊಂಬತ್ತೇ ಮಂದಿ. ಜೋಡಿ ಸರಿಹೊಂದಲೆಂದು ಕ್ಲಬ್ಬಿನ ಕ್ಯಾಪ್ಟನ್ ಅವನನ್ನೂ ಸೇರಿಸಿಕೊಂಡು, ಗೆದ್ದರೆ ಹಲಗೆಯಲ್ಲಿ ಹೆಸರು ಬರೆಸುವೆನೆಂದು ನಕ್ಕ.

ಪೂವಪ್ಪ ಎರಡು ಹೊಡೆತಗಳ ಅಂತರದಲ್ಲಿ ಗೆದ್ದ.

ನಗು ನಿಂತಿತು. ಸಮಿತಿ ಬಾಗಿಲು ಹಾಕಿಕೊಂಡು ಕುಳಿತಿತು. ಮರುದಿನ ಬೆಳಿಗ್ಗೆ ಬಾಲಸುಬ್ರಹ್ಮಣ್ಯ ನೆಲ ನೋಡುತ್ತ ಬಂದ.

“ನಿಮ್ಮನ್ನ ಕೈಬಿಟ್ಟಿದಾರೆ ಪೂವಪ್ಪ. ಬ್ರೌನ್ ಮಾಡಿದವನೇ ಆಡೋದು ಅನ್ಯಾಯವಂತೆ. ಎರಡನೆಯವರಿಗೆ ಕಪ್.”

“ಮಾಡಿದ್ದು ಎಲ್ಲರಿಗೂ ಅಲ್ವಾ ಸಾರ್? ನನಗೊಬ್ಬನಿಗೆ ಬೇರೆ ಮರಳು ಉಂಟಾ? ಆ ಅಜ್ಜನ ಚಿತ್ರದ ಕೆಳಗೆ ಬರ್ದದ್ದು ನೀವು ಹೇಳ್ಲಿಲ್ವಾ ಅವರಿಗೆ?”

“ನಾನೇನ್ರೀ ಹೇಳ್ಲಿ? ನನ್ನ ವೀಸಾನೂ ಅವರ ಕೈಲೇ ಇದೆ.”

“ಹೌದು ಹೌದು. ನಿಮ್ಮ ಬಾಯಿಗೂ ಬ್ರೌನ್ ಹಾಸಿ ಆಗಿದೆ.”

ಅಷ್ಟರಲ್ಲಿ ಕ್ಯಾಪ್ಟನ್ ಹೊಸ ವಿಜೇತನೊಡನೆ ಹಲಗೆಯ ಬಳಿ ಫೋಟೋ ತೆಗೆಸಲು ಬಂದು, ಪಕ್ಕದ ಮಾರಿಸನ ಚಿತ್ರದ ಗಾಜನ್ನು ಒರೆಸೆಂದು ಪೂವಪ್ಪನಿಗೆ ಸನ್ನೆ ಮಾಡಿದ. ಪೂವಪ್ಪ ಗಾಜನ್ನು ಹೊಳೆಯುವಂತೆ ಒರೆಸಿದ. ಬಳಿಕ ಬ್ರೌನಿನ ಎಣ್ಣೆ ಮೆತ್ತಿದ ಬೆರಳಿನಿಂದ, ‘ಅದೇ ಮೈದಾನದ ಪಾಲಕ’ ಎಂದು ಗುಮಾಸ್ತ ತೋರಿಸಿದ್ದ ಸಾಲಿನ ಕೆಳಗೆ ದಪ್ಪನೆಯ ಕರಿಗೆರೆಯೊಂದನ್ನು ಎಳೆದ.

“ಕಲೆ ಉಳಿದಿದೆ, ಒರೆಸು,” ಎಂದ ಕ್ಯಾಪ್ಟನ್, ಅರೆಬರೆ ಹಿಂದಿಯಲ್ಲಿ.

“ಖಲಾಸ್ ಸಾರ್,” ಎಂದು ಪೂವಪ್ಪ ಬಟ್ಟೆಯನ್ನು ಬಹುಮಾನದ ಕಪ್ಪಿನ ಪಕ್ಕದಲ್ಲಿಟ್ಟು ಹೊರಬಿದ್ದ. ಆಗ ಅವನ ಚಾಕರಿಯ ಕೊನೆಯ ದಿನದ ಬೆಳಗಿನ ಎಂಟು ಗಂಟೆ ಹತ್ತು ನಿಮಿಷ.