ನಮ್ಮನೆಯವರ ವಾಚುಗಳು

ಐದು ವಾಚಿದ್ದವು ನನ್ನ ಹತ್ತಿರ. ಎಲ್ಲವೂ ಗಂಡಸರ ವಾಚು, ಎಲ್ಲವೂ ಹಳೇ ಸ್ವಿಸ್ ಮಾಲು. ದೊಡ್ಡ ಡಯಲಿನೊಳಗೆ ಚಿಕ್ಕ ಚಿಕ್ಕ ಡಯಲು, ಪಕ್ಕದಲ್ಲಿ ಒತ್ತಿದರೆ ಸೆಕೆಂಡು ಅಳೆಯುವ ಗುಂಡಿ. ಕ್ರೋನೋಗ್ರಾಫ್ ಅಂತಾರೆ. ರೇಷ್ಮೆಗೂಡಿನ ದರ ಬಿಟ್ಟು ಬೇರೆ ಮಾತೇ ಇಲ್ಲದ ಶಿಡ್ಲಘಟ್ಟದ ಬೀದಿಯಲ್ಲಿದ್ದುಕೊಂಡು ಇವನ್ನ ಕೂಡಿಸಿದೋಳು ನಾನು, ಹೈಸ್ಕೂಲಿನ ಲೆಕ್ಕದ ಟೀಚರು. ಆದರೆ ಬೀದಿಗೆಲ್ಲ ಗೊತ್ತಿದ್ದದ್ದು ಅವು ನಮ್ಮನೆಯವರ ವಾಚು ಅಂತ. ತಪ್ಪು ನನ್ನದೇ.

ನನ್ನ ಸ್ಕೂಲು ಇದ್ದದ್ದು ಚಿಂತಾಮಣಿಯಲ್ಲಿ. ಬಸ್ ಸ್ಟ್ಯಾಂಡ್ ಪಕ್ಕ ವಾಚ್ ರಿಪೇರಿ ಸಾಹೇಬರ ಅಂಗಡಿ. ಒಂದು ವರ್ಷ ಸ್ಪೋರ್ಟ್ಸ್ ದಿನ ಓಟದ ಟೈಮು ನೋಡೋಕೆ ಅಂತ ಅವರೊಂದು ಕ್ರೋನೋಗ್ರಾಫ್ ಕೊಟ್ಟಿದ್ದರು. ವಾಪಸ್ ಕೊಡಲು ಹೋದಾಗ ಹಿಂದಿನ ಮುಚ್ಚಳ ಬಿಚ್ಚಿ, "ಇಲ್ನೋಡಿ ಟೀಚರಮ್ಮ" ಅಂತ ಗುಂಡಿ ಒತ್ತಿದರು. ಓಡುತ್ತಿದ್ದ ಚಕ್ರವೊಂದು ಸರಿದು ಬಂದು, ಸುಮ್ಮನೆ ನಿಂತಿದ್ದ ಇನ್ನೊಂದನ್ನು ಹಿಡಿದುಕೊಂಡಿತು. ಅದೂ ಓಡತೊಡಗಿತು. ಅಷ್ಟೇ ಕಣ್ರೀ, ಅವತ್ತು ಕೆಟ್ಟೆ ನಾನು.

ಮೊದಲು ಕೊಂಡದ್ದನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೆ. ಅತ್ತೆ ಕೈಗೆ ಸಿಕ್ಕಿತು. "ಯಾರದೇ ಇದು?" ಗಂಡಸರ ವಾಚು, ಸೊಸೆ ಟ್ರಂಕಿನಲ್ಲಿ! ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ: "ನಿಮ್ಮ ಮಗನಿಗೆ ಅತ್ತೆ. ಯುಗಾದಿಗೆ ಕೊಡಣ ಅಂತಿದ್ದೆ." ಸಾಯಂಕಾಲದೊಳಗೆ ಬೀದಿಯ ಅಷ್ಟೂ ಮನೆಗೆ ಸುದ್ದಿ. ಸೊಸೆ ಅಂದ್ರೆ ಇವಳಪ್ಪಾ! ಆಮೇಲೆ ತಂದದ್ದನ್ನೆಲ್ಲ ಅವರಿಗೇ ಅಂತ ಹೇಳಬೇಕಾಯಿತು.

ಐದನೆಯದು ಅಲೀಪುರದ ಒಂದು ಮನೆಯಿಂದ ಸಾಹೇಬರ ಹತ್ತಿರ ಬಂದಿತ್ತು. ತಾಮ್ರದ ಬಣ್ಣದ ಡಯಲು, ಒಂದರ ಮೇಲೊಂದು ಎರಡು ಸೆಕೆಂಡು ಮುಳ್ಳು. ಒಂದನ್ನು ನಿಲ್ಲಿಸಿದರೂ ಇನ್ನೊಂದು ಓಡುತ್ತಿತ್ತು. ಮತ್ತೆ ಒತ್ತಿದರೆ ನಿಂತದ್ದು ಟಪ್ಪಂತ ಹೋಗಿ ಕೂಡಿಕೊಳ್ಳುತ್ತಿತ್ತು. "ಇಷ್ಟು ವರ್ಷದಲ್ಲಿ ಇಂಥದ್ದು ನಾನೇ ನೋಡಿಲ್ಲಮ್ಮ" ಅಂದರು ಸಾಹೇಬರು. ಮನೆಪಾಠದ ದುಡ್ಡೆಲ್ಲ ಅದಕ್ಕೇ ಹೋಯಿತು. ನಮ್ಮನೆಯವರಿಗೆ ಹಿಡಿಸಿದ್ದೂ ಅದೇ. ದಿನಾ ಆಫೀಸಿಗೆ ಅದನ್ನೇ ಕಟ್ಟಿಕೊಂಡು ಹೋಗೋರು, ಸಾರನ್ನ ಕಲಸುವಾಗಲೂ ಬಿಚ್ಚುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿತ್ತು.

ನನಗೆ ಸಿಗುತ್ತಿದ್ದದ್ದು ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ಎರಡು ನಿಮಿಷ. ಆಗ ಕೀ ಕೊಡುತ್ತಿದ್ದೆ, ಗುಂಡಿ ಒತ್ತಿ ನೋಡುತ್ತಿದ್ದೆ, ಕಿವಿಗಿಟ್ಟುಕೊಳ್ಳುತ್ತಿದ್ದೆ. ಅದಕ್ಕೆ ದಿನಾ ಕೀ ಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಆ ಎರಡು ನಿಮಿಷವೂ ಹೋಗುತ್ತಲ್ಲ! ಅದರಿಂದ ತವರಿಗೆ ಹೋದರೂ ಎರಡು ದಿನ ನಿಲ್ಲುವಂತಿಲ್ಲ, ವಾಚು ನಿಂತುಬಿಡುತ್ತೆ. "ಗಂಡನ್ನ ಬಿಟ್ಟಿರಕ್ಕಾಗಲ್ಲ ಇವಳಿಗೆ" ಅಂತ ನಮ್ಮಮ್ಮ ನಗೋಳು.

ನಾದಿನಿಗೆ ಗೌರಿಬಿದನೂರಿನ ಕಡೆ ಗಂಡು ಗೊತ್ತಾಯಿತು. ಹುಡುಗನಿಗೆ ಹೆಣ್ಣಿನ ಕಡೆಯಿಂದ ಸೂಟು, ಉಂಗುರ, ವಾಚು ಕೊಡಬೇಕಷ್ಟೆ. ನಿಶ್ಚಿತಾರ್ಥದ ದಿನ ಆ ಹುಡುಗ ನಮ್ಮನೆಯವರ ಕೈ ನೋಡಿ, "ವಾಚು ಚೆನ್ನಾಗಿದೆ ಭಾವ" ಅಂದ. ಪುಣ್ಯಾತ್ಮರು ಎಲ್ಲರ ಮುಂದೆ, "ಮದುವೆಗೆ ಇದೇ ನಿಮಗೆ" ಅಂದುಬಿಟ್ಟರು. ಅತ್ತೆ ಕಣ್ಣೊರೆಸಿಕೊಂಡರು. ನಾನು ಕೋಸಂಬರಿ ಬಡಿಸುತ್ತಾ ನಿಂತಿದ್ದೆ. ಅದು ನಂದು ಕಣ್ರೀ ಅಂತ ಯಾವ ಬಾಯಲ್ಲಿ ಹೇಳಲಿ?

ಮದುವೆ ದಿನ ಬೆಳಗ್ಗೆ ಕೊನೆಯ ಸಲ ಕೀ ಕೊಟ್ಟು ನಾನೇ ತಟ್ಟೆಯಲ್ಲಿಟ್ಟೆ. ಹುಡುಗನಿಗೆ ಅಲ್ಲಿತನಕ ಇದ್ದದ್ದು ಸೆಲ್ ವಾಚು. "ಇದಕ್ಕೇನಾದ್ರೂ ಮಾಡಬೇಕಾ ಭಾವ?" ಅಂತ ಕೇಳಿದ. "ಏನೂ ಬೇಡ, ತಾನಾಗೇ ಓಡುತ್ತೆ" ಅಂದರು ಇವರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನಿಂತುಹೋಗಲಿ, ಕೆಟ್ಟಿತು ಅಂತ ವಾಪಸ್ ಕಳಿಸಲಿ, ರಿಪೇರಿ ನೆಪದಲ್ಲಿ ನನ್ನ ಕೈಗೆ ಬರಲಿ ಅಂತ ದೇವರ ಮುಂದೆ ನಿಂತು ಬೇಡಿಕೊಂಡವಳು ನಾನು.

ವಾಚು ನಿಂತದ್ದು ಮಾರನೇ ದಿನ ಸಾಯಂಕಾಲ, ಅವರ ಮನೆಯಲ್ಲಿ ಸೊಸೆಯನ್ನು ಮನೆತುಂಬಿಸಿಕೊಂಡ ಹೊತ್ತಿಗೆ ಸರಿಯಾಗಿ. ಆದರೆ ವಾಚು ವಾಪಸ್ ಬರಲಿಲ್ಲ. ಹದಿನೈದು ದಿನದ ಮೇಲೆ ನಾದಿನಿ ಬಂದಳು, ಕಣ್ಣು ಊದಿಸಿಕೊಂಡು. ಇವಳು ಕಾಲಿಟ್ಟ ಗಳಿಗೆಗೇ ಮಗನ ಕೈಲಿದ್ದ ವಾಚು ನಿಂತಿತು, ಅಪಶಕುನ ಅಂತ ಅವಳ ಅತ್ತೆ ಆಡುತ್ತಿದ್ದರಂತೆ. ವಾಚನ್ನು ಯಾರೂ ಮುಟ್ಟದ ಹಾಗೆ ಬೀರುವಿನಲ್ಲಿಟ್ಟಿದ್ದರಂತೆ. "ಒಲೆ ಮುಟ್ಟಕ್ಕೂ ಬಿಡಲ್ಲ ಅತ್ತಿಗೆ" ಅಂತ ಅತ್ತಳು.

ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಅನ್ನಿಸಿತು. ಆದರೂ ಸುಳ್ಳು ಹೇಳಲ್ಲ, ಆ ಗಳಿಗೆಯಲ್ಲೂ ಒಂದು ಯೋಚನೆ ಬಂತು: ಅಪಶಕುನದ ವಾಚು ತಾನೇ, ನಾನೇ ಹೋಗಿ ಕೇಳಿದರೆ ತೊಲಗಲಿ ಅಂತ ಕೊಟ್ಟುಬಿಡ್ತಾರೆ. ವಾಚು ನನಗಾಗುತ್ತೆ. ಅವಳಿಗೆ ಬಂದ ಕೆಟ್ಟ ಹೆಸರು ಮಾತ್ರ ಹಾಗೇ ಉಳಿಯುತ್ತೆ.

ಮಾರನೇ ದಿನ ಅವಳ ಜೊತೆ ಗೌರಿಬಿದನೂರಿಗೆ ಹೋದೆ. ಅವಳ ಅತ್ತೆ ಬೀರುವಿನಿಂದ ತೆಗೆದು, "ತಗೊಂಡು ಹೋಗಮ್ಮಾ, ನಮಗೆ ಬೇಡ ಇದು" ಅಂತ ನನ್ನ ಅಂಗೈಯಲ್ಲೇ ಇಟ್ಟರು. ಒಂದು ಕ್ಷಣ ಬೆರಳು ಮಡಚಿಕೊಂಡೆ. ಆಮೇಲೆ, "ಏನೂ ಆಗಿಲ್ಲ ಅಮ್ಮ, ಇದಕ್ಕೆ ದಿನಾ ಕೀ ಕೊಡಬೇಕು. ನಾವೇ ಹೇಳೋದು ಮರೆತ್ವಿ" ಅಂತ ಅವರೆದುರಿಗೇ ತಿರುಗಿಸಿದೆ. ವಾಚು ಓಡಿತು. ಆ ಹೆಂಗಸು ನಾಚಿಕೊಂಡು ಸೊಸೆಯ ತಲೆ ಸವರಿದರು. ನಾದಿನಿಯ ಗಂಡ ವಾಚನ್ನು ಕಟ್ಟಿಕೊಂಡು ಕೆಲಸಕ್ಕೆ ಹೊರಟ.

ಬಸ್ಸಿಗೆ ಬಿಡಲು ಬಂದ ನಾದಿನಿ ದಾರಿಯಲ್ಲಿ ನನ್ನ ಮುಖ ನೋಡುತ್ತಲೇ ಇದ್ದಳು. "ಅತ್ತಿಗೆ, ನಿಮಗೆ ಆ ವಾಚು ಬೇಕಾಗಿತ್ತಾ?" ಅಂದಳು. ಅಷ್ಟು ವರ್ಷದಲ್ಲಿ ಹಾಗೆ ಕೇಳಿದ್ದು ಅವಳೊಬ್ಬಳೇ.

"ಇಲ್ಲ ಕಣಮ್ಮ, ನಂಗ್ಯಾಕೆ?" ಅಂದೆ.