ಬದನೆಕಾಯಿಯ ಪಥ್ಯ

ನನಗೆ ಕೂತಲ್ಲಿ ಕೂರಲಾಗದ ಕಾಯಿಲೆ ಇದೆ. ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಸಿರುಗುಪ್ಪದ ಒಂದು ದವಾಖಾನೆಯಲ್ಲಿ ಕಂಪೌಂಡರನಾಗಿದ್ದಾಗ ಅಂಟಿಕೊಂಡದ್ದು. ಒಂದೊಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ಗುರುತಿನ ಕಾಗದ ಕತ್ತರಿಸಿ, ಚಳಿಜ್ವರದ ಕ್ವಿನೈನ್ ಬಾಟಲಿಗೆ ಅಂಟಿಸಿ ಕೊಟ್ಟರೆ ನನ್ನ ಕೆಲಸ ಮುಗಿಯಿತಲ್ಲ? ಮುಗಿಯುತ್ತಿರಲಿಲ್ಲ. ಬಾಟಲಿಯ ಹಿಂದೆ ನನ್ನ ಮನಸ್ಸೂ ಊರೂರು ಅಲೆಯುತ್ತಿತ್ತು. ಕುಡಿದರೋ, ಗೂಡಿನಲ್ಲಿಟ್ಟು ಕೈಮುಗಿದರೋ? "ಜ್ವರ ಬಂದವರಿಗಿಂತ ನಿಮಗ ಹೆಚ್ಚಾಗೈತಿ" ಎಂದು ಹೆಂಡತಿ ಹಂಗಿಸುತ್ತಿದ್ದಳು.

ನಮ್ಮ ಡಾಕ್ಟರು ಮದರಾಸಿನಲ್ಲಿ ಓದಿದವರು. ರೋಗಿಗಳು "ಪಥ್ಯ ಏನ್ರಿ?" ಎಂದರೆ "ಏನೂ ಇಲ್ಲ, ಎಲ್ಲಾ ತಿನ್ನಿರಿ" ಎನ್ನುವರು. ಕೇಳಿದವರ ಮುಖ ಅಲ್ಲೇ ಇಳಿಯುತ್ತಿತ್ತು. ಕುರುಗೋಡಿನ ವೈದ್ಯರೊಬ್ಬರು ಚಿಟಿಕೆ ಪುಡಿಗೂ ಹುಳಿ ಬಿಡಿಸಿ, ಎಣ್ಣೆ ಬಿಡಿಸಿ ಕಳಿಸುವವರು. ನಾಲಿಗೆಗೆ ನಷ್ಟವಿಲ್ಲದ ಔಷಧದಲ್ಲಿ ಸತ್ವ ಎಲ್ಲಿಂದ ಬಂದೀತು? ಆಯುರ್ವೇದ ಹುಟ್ಟಿದಂದಿನಿಂದ ನಾವು ಅರ್ಧ ರೋಗವನ್ನು ಅಡುಗೆಮನೆಯಲ್ಲೇ ವಾಸಿಮಾಡಿಕೊಂಡ ಜನ. ಬರೀ ಬಾಟಲಿ ಕೊಟ್ಟರೆ ಅರ್ಧ ಔಷಧ ಕೊಟ್ಟಂತೆ.

ಹತ್ತಿರದ ಹಳ್ಳಿ ಕರೂರಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಹನುಮವ್ವ ಚಳಿಜ್ವರದಲ್ಲಿ ನಡುಗುತ್ತಾ ಬಂದಳು. ಹಿಂದಿನ ವರ್ಷ ಇದೇ ಜ್ವರ ಅವಳ ತಂಗಿಯನ್ನು ಒಯ್ದಿತ್ತು. ಆದರೂ ಪಥ್ಯವಿಲ್ಲವೆಂದು ಕೇಳಿದ್ದೇ ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟಳು. ನನ್ನ ಜೀವ ತಡೆಯಲಿಲ್ಲ. ಹಿಂದೆಯೇ ಓಡಿ, "ದಿನಕ್ಕ ಮೂರು ಹೊತ್ತು, ಏಳು ದಿನ. ಬದನಿಕಾಯಿ ಮಾತ್ರ ಮುಟ್ಟಬ್ಯಾಡವ್ವ" ಎಂದು ಬಾಟಲಿ ಕೈಗಿಟ್ಟೆ. ಅವಳ ಕಣ್ಣು ಅರಳಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಬಾಟಲಿಯಲ್ಲಿದ್ದದ್ದು ಮೂರು ದಿನದ ಔಷಧ; ನಾಲ್ಕನೆಯ ದಿನ ಉಳಿದದ್ದನ್ನು ಒಯ್ಯಲು ಬರಬೇಕಿತ್ತು, ಬರಲಿಲ್ಲ. ಐದನೆಯ ದಿನ ಬಾಗಿಲಿಗೂ ಮೇಜಿಗೂ ಓಡಾಡಿ ನೆಲ ಸವೆಸಿದೆ. ಆರನೆಯ ದಿನ ಕರೂರಿನ ಬಸ್ಸು ಹತ್ತಿದೆ. ಹನುಮವ್ವ ಕೌದಿಯೊಳಗೆ ಮುದುಡಿದ್ದಳು. ಪಕ್ಕದ ಬಾಟಲಿಯಲ್ಲಿ ಎರಡೇ ಗುರುತು ಇಳಿದಿತ್ತು.

"ಯಾಕವ್ವ ಬಿಟ್ಟಿ?"

"ತಪ್ಪಾತ್ರಿ ಯಪ್ಪಾ. ಬೀಗರು ಬಂದಿದ್ರು, ಬದನಿಕಾಯಿ ಎಣಗಾಯಿ ಮಾಡಿದ್ವಿ, ಮರ್ತು ತಿಂದುಬಿಟ್ನಿ. ಪಥ್ಯ ಕೆಟ್ಟ ಮ್ಯಾಲ ಔಷಧ ಕುಡಿದ್ರ ವಿಷ ಆಗತೈತಲ್ರಿ? ನಿಮಗ ಹೇಳಾಕ ಮಾರಿ ಇರಲಿಲ್ಲ."

ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಕ್ವಿನೈನ್ ಅಳೆಯುವಾಗ ಹನಿ ತಪ್ಪದ ನಾನು ಸುಳ್ಳನ್ನು ಅಳೆಯದೇ ಕೊಟ್ಟಿದ್ದೆ. "ಬದನಿಕಾಯಿ ಮಾತು ನಾ ಕಟ್ಟಿದ ಸುಳ್ಳವ್ವ. ಹಂಗರ ಔಷಧ ಕುಡಿತಿ ಅಂತ ಹೇಳಿದ್ದೆ" ಎಂದು ಒಪ್ಪಿಕೊಂಡೆ.

ಅವಳು ಬೈಯಲಿಲ್ಲ. ಹಲ್ಲು ಕಟಕಟಿಸುತ್ತಲೇ ಕೇಳಿದಳು: "ಹಂಗಾದ್ರ, ಮೂರು ಹೊತ್ತು ಅನ್ನೋದಾದ್ರೂ ಖರೇ ಏನ್ರಿ?"

ಖರೇ ಎಂದರೂ ನಂಬುವ ಹಾಗೆ ನಾನು ಉಳಿಸಿರಲಿಲ್ಲ. ಏಳು ದಿನ ಬಿಡದೆ ಕರೂರಿಗೆ ಹೋಗಿ, ಅವಳು ಔಷಧ ಕುಡಿಯುವವರೆಗೆ ಮುಂದೆ ಕೂತೆ. ಜ್ವರ ಬಿಟ್ಟಿತು. ನನ್ನ ಮಾತಿನ ಮೇಲಿನ ಅನುಮಾನ ಬಿಡಲು ಮಾತ್ರ ಇನ್ನೊಂದು ಬೆಳೆ ಕೊಯ್ಲಿಗೆ ಬರಬೇಕಾಯಿತು.